ನುಡಿಯೋ, ನುಡಿದವರೋ?

ನಮ್ಮ ಶಾಸ್ತ್ರಕಾರರು ಪರಮತವನ್ನು ಖಂಡಿಸುವುದಕ್ಕೆ ಮುಂಚೆ, ಪೂರ್ವಪಕ್ಷವೆಂಬ ಹೆಸರಿನಿಂದ ಅದನ್ನು ಸಾಂಗವಾಗಿ ನಿರೂಪಿಸುತ್ತಿದ್ದರು. ರಾಜಕೀಯ ಪಕ್ಷಗಳಲ್ಲಿ ಈ ಮರ್ಯಾದೆಯು ವಿರಳ. ಅಲ್ಲಿ ನುಡಿಗಿಂತ ಮೊದಲು ನುಡಿದವರ ಗುಂಪನ್ನು ನೋಡುವರು.

ಅಮೆರಿಕದ ಎರಡು ಪ್ರಸಂಗಗಳನ್ನು ವಾಚಕರು ಪರ್ಯಾಲೋಚಿಸಬೇಕು. 2002ನೆಯ ಡಿಸೆಂಬರಿನಲ್ಲಿ ರಿಪಬ್ಲಿಕನ್ ಪಕ್ಷದ ಸೆನೆಟ್ ನಾಯಕರಾದ ಟ್ರೆಂಟ್ ಲಾಟರು, ಸ್ಟ್ರಾಮ್ ಥರ್ಮಂಡರ ನೂರನೆಯ ಹುಟ್ಟುಹಬ್ಬದಂದು, 1948ರಲ್ಲಿ ದೇಶವು ಅವರನ್ನು ಅಧ್ಯಕ್ಷರನ್ನಾಗಿ ಆರಿಸಿದ್ದರೆ ಇಷ್ಟು ತೊಂದರೆಗಳು ಬರುತ್ತಿರಲಿಲ್ಲವೆಂಬರ್ಥದ ಮಾತನ್ನಾಡಿದರು. ಥರ್ಮಂಡರು ಆಗ ಸ್ಪರ್ಧಿಸಿದ್ದುದು ವರ್ಣಭೇದದ ಪರವಾಗಿ. 2004ನೆಯ ಏಪ್ರಿಲಿನಲ್ಲಿ ಡೆಮಾಕ್ರಟಿಕ್ ಪಕ್ಷದ ಕ್ರಿಸ್ ಡಾಡರು, ಸ್ವಪಕ್ಷೀಯರಾದ ರಾಬರ್ಟ್ ಬರ್ಡರು ಯಾವ ಕಾಲಕ್ಕಾದರೂ, ಅಂತರ್ಯುದ್ಧದ ಕಾಲಕ್ಕೂ ಸಹ, ತಕ್ಕವರಾಗುತ್ತಿದ್ದರೆಂದು ಹೊಗಳಿದರು. ಬರ್ಡರಾದರೋ ತಾರುಣ್ಯದಲ್ಲಿ ವರ್ಣದ್ವೇಷಿಗಳ ಕು ಕ್ಲಕ್ಸ್ ಕ್ಲಾನ್ ಕೂಟದಲ್ಲಿದ್ದು, ಅನಂತರ ಅದಕ್ಕಾಗಿ ಪಶ್ಚಾತ್ತಾಪಪಟ್ಟವರು.

ಹಿಂದಿನ ಕೋಪವು ಈಗೆಲ್ಲಿ ಹೋಯಿತೆಂದು ರಿಪಬ್ಲಿಕನರ ಕಡೆಯವರು ಮೂದಲಿಸಿದರು. ಎರಡಕ್ಕೂ ಹೋಲಿಕೆಯೇ ಇಲ್ಲವೆಂದು ಡಾಡರ ಸಮರ್ಥಕರು ವಾದಿಸಿದರು. ಇಬ್ಬರೂ ಕ್ಷಮೆ ಬೇಡಿದರು. ನಾಯಕತ್ವವನ್ನು ಬಿಟ್ಟವರು ಲಾಟರು ಮಾತ್ರ. ಎರಡು ಮಾತುಗಳಲ್ಲಿ ಭೇದವಿಲ್ಲವೆಂದು ನಾವು ಹೇಳುವುದಿಲ್ಲ. ಆದರೆ ಆ ಭೇದವನ್ನು ತೂಗುವವರ ಕೈಯಲ್ಲಿದ್ದ ತಕ್ಕಡಿಯೇ ಮೊದಲಿನಿಂದ ಒಂದು ಕಡೆಗೆ ವಾಲಿತ್ತು.

ಇನ್ನೊಂದನ್ನೂ ಗಮನಿಸಬೇಕು. ಲಾಟರನ್ನು ಸ್ವಪಕ್ಷದ ಅಧ್ಯಕ್ಷರಾದ ಬುಷ್ಷರೇ ಬಹಿರಂಗವಾಗಿ ಆಕ್ಷೇಪಿಸಿದರು. ಕೆಲವೇ ದಿನಗಳಲ್ಲಿ, ಡಿಸೆಂಬರ್ 20ರಂದು, ಲಾಟರು ಸ್ಥಾನವನ್ನು ತ್ಯಜಿಸಿದರು. ಎದುರಾಳಿಯ ನಿಂದೆಯನ್ನು ದ್ವೇಷವೆಂದು ತಳ್ಳಿಹಾಕಬಹುದು. ತನ್ನವರ ನಿಂದೆಯನ್ನು ಹಾಗೆ ತಳ್ಳಿಹಾಕಲಾಗದು.

ಆದುದರಿಂದ ಗೃಹಸ್ಥರು ಪತ್ರಿಕೆಯನ್ನೋದುವಾಗ, ವಿವಾದದ ಮಾತನ್ನು ಒಮ್ಮೆ ತಮ್ಮವರ ಬಾಯಲ್ಲಿಯೂ ಇನ್ನೊಮ್ಮೆ ಪರರ ಬಾಯಲ್ಲಿಯೂ ಇಟ್ಟು ನೋಡಲಿ. ಎರಡು ಸಲವೂ ತೀರ್ಪು ಒಂದೇ ಆದರೆ ಅದು ವಿವೇಕ, ಬೇರೆಯಾದರೆ ಪಕ್ಷಪಾತ.