ಬೆಳೆವಾರು ಬೀಜ ಪರೀಕ್ಷಾ ನಿಯಮಗಳು ಮತ್ತು ಪ್ರಯೋಗಾಲಯದ ತಂತ್ರಾಂಶ: ಅರ್ಜಿದಾರರಿಗೆ ಮಾಹಿತಿ

ಬೀಜ ಅಧಿನಿಯಮ, 1966 ಹಾಗೂ ಬೀಜ ನಿಯಮಗಳು, 1968ರ ಅನ್ವಯ ಅಧಿಸೂಚಿತ ತಳಿಗಳ ಬೀಜವು ನಿಗದಿತ ಕನಿಷ್ಠ ಗುಣಮಟ್ಟವನ್ನು ಹೊಂದಿರತಕ್ಕದ್ದು. ಈ ಗುಣಮಟ್ಟವನ್ನು ಬೀಜ ಪರೀಕ್ಷಾ ಪ್ರಯೋಗಾಲಯಗಳಲ್ಲಿ ಪರಿಶೀಲಿಸಲಾಗುತ್ತದೆ. ಹಿಂದೆ ದಾಖಲೆ ಪುಸ್ತಕಗಳಲ್ಲಿ ಕೈಬರಹದಿಂದ ನಡೆಯುತ್ತಿದ್ದ ಈ ಕಾರ್ಯವು ಗಣಕೀಕರಣಗೊಂಡ ಪ್ರಯೋಗಾಲಯಗಳಲ್ಲಿ ತಂತ್ರಾಂಶದ ಮೂಲಕ ನಡೆಯುತ್ತದೆ. ಪ್ರತಿಯೊಂದು ಬೆಳೆಗೆ ಸಂಬಂಧಿಸಿದ ನಿಯಮಗಳನ್ನು ತಂತ್ರಾಂಶದಲ್ಲಿ ಮೊದಲೇ ದಾಖಲಿಸಿರಲಾಗುತ್ತದೆ. ಅರ್ಜಿಯಲ್ಲಿನ ವಿವರಗಳಿಗೆ ಅನುಗುಣವಾಗಿ ಸಂಬಂಧಪಟ್ಟ ನಿಯಮವು ಆಯ್ಕೆಯಾಗಿ, ಮಾದರಿಯು ಉತ್ತೀರ್ಣವೋ ಅನುತ್ತೀರ್ಣವೋ ಎಂಬುದು ತೀರ್ಮಾನವಾಗುತ್ತದೆ. ತಂತ್ರಾಂಶವು ಬೀಜವನ್ನು ನೋಡುವುದಿಲ್ಲ, ಅರ್ಜಿಯಲ್ಲಿ ಬರೆದುದನ್ನು ಮಾತ್ರ ನೋಡುತ್ತದೆ. ಆದ ಕಾರಣ ಈ ನಿಯಮಗಳ ಸ್ವರೂಪವನ್ನು ಬೀಜೋತ್ಪಾದಕರು, ಮಾರಾಟಗಾರರು ಹಾಗೂ ರೈತರು ತಿಳಿದಿರುವುದು ಅವಶ್ಯಕ.

ಎಲ್ಲ ಬೆಳೆಗಳಿಗೂ ಒಂದೇ ನಿಯಮ ಏಕಿಲ್ಲ?

ಬೀಜ ಪ್ರಮಾಣನದ ಕನಿಷ್ಠ ಮಾನದಂಡಗಳ ಪ್ರಕಾರ ಭತ್ತದ ಮೊಳಕೆ ಪ್ರಮಾಣವು ಕನಿಷ್ಠ ಶೇ. 80, ರಾಗಿ ಮತ್ತು ತೊಗರಿಗೆ ಶೇ. 75, ಗೋಧಿ ಮತ್ತು ಕಡಲೆಗೆ ಶೇ. 85, ಸಂಕರಣ ಮುಸುಕಿನ ಜೋಳಕ್ಕೆ ಶೇ. 90 ಇರತಕ್ಕದ್ದು. ಶೇಂಗಾ ಹಾಗೂ ಸೂರ್ಯಕಾಂತಿಗೆ ಶೇ. 70 ಸಾಕು. ತೇವಾಂಶದ ಗರಿಷ್ಠ ಮಿತಿಯು ಭತ್ತಕ್ಕೆ ಶೇ. 13, ರಾಗಿಗೆ ಶೇ. 12, ಶೇಂಗಾ, ಸೂರ್ಯಕಾಂತಿ ಮತ್ತು ತೊಗರಿಗೆ ಶೇ. 9 ಆಗಿರುತ್ತದೆ. ಎಣ್ಣೆಕಾಳುಗಳು ತೇವದಲ್ಲಿ ಬೇಗನೆ ಕೆಡುವುದರಿಂದ ಅವುಗಳ ಮಿತಿ ಬಿಗಿಯಾಗಿದೆ.

ಎಲ್ಲದಕ್ಕೂ ಶೇ. 80 ಮೊಳಕೆ, ಶೇ. 12 ತೇವಾಂಶ ಎಂಬ ಒಂದೇ ಸಾಮಾನ್ಯ ನಿಯಮವನ್ನು ತಂತ್ರಾಂಶದಲ್ಲಿ ಅಳವಡಿಸಿದರೆ ಶೇ. 74 ಮೊಳೆಯುವ ಉತ್ತಮ ಸೂರ್ಯಕಾಂತಿ ಬೀಜವು ತಿರಸ್ಕೃತವಾಗುತ್ತದೆ. ಶೇ. 11 ತೇವಾಂಶವಿರುವ ಶೇಂಗಾ ಬೀಜವು ಉತ್ತೀರ್ಣವಾಗಿ, ಬಿತ್ತನೆಯ ಹೊತ್ತಿಗೆ ಗೋದಾಮಿನಲ್ಲಿಯೇ ಹಾಳಾಗಬಹುದು. ಮೊದಲನೆಯದರಲ್ಲಿ ನಷ್ಟವು ಬೀಜೋತ್ಪಾದಕರದು, ಎರಡನೆಯದರಲ್ಲಿ ಮಳೆಯನ್ನು ನಂಬಿ ಬಿತ್ತಿದ ರೈತರದು.

ನಿಯಮವು ಬೆಳೆಯ ಹೆಸರಿನಿಂದ ಮಾತ್ರ ನಿರ್ಧಾರವಾಗುವುದಿಲ್ಲ. ಬೀಜದ ವರ್ಗ ಮತ್ತು ಚೀಲದ ವಿಧವೂ ಪರಿಗಣಿತವಾಗುತ್ತವೆ. ಭತ್ತದ ಮೂಲ ಬೀಜದಲ್ಲಿ ಇತರೆ ಬೆಳೆಯ ಕಾಳುಗಳು ಪ್ರತಿ ಕಿಲೋಗ್ರಾಂಗೆ 10ಕ್ಕಿಂತ ಹೆಚ್ಚಿರಬಾರದು. ಪ್ರಮಾಣಿತ ಬೀಜದಲ್ಲಿ 20ರವರೆಗೆ ಅವಕಾಶವಿದೆ. ಅದೇ ರೀತಿ ಸಾಮಾನ್ಯ ಚೀಲದಲ್ಲಿ ಶೇ. 13 ತೇವಾಂಶಕ್ಕೆ ಅರ್ಹವಾದ ಭತ್ತವನ್ನು ತೇವ ನಿರೋಧಕ ಚೀಲದಲ್ಲಿ ತುಂಬುವುದಾದರೆ ಮಿತಿಯು ಶೇ. 8ಕ್ಕೆ ಇಳಿಯುತ್ತದೆ, ಏಕೆಂದರೆ ಒಳಗಿನ ತೇವ ಹೊರಹೋಗಲು ಅಲ್ಲಿ ದಾರಿಯಿಲ್ಲ. ಅರ್ಜಿ ನಮೂನೆಯಲ್ಲಿ ಚೀಲದ ವಿಧದ ಅಂಕಣವನ್ನು ಅನೇಕರು ಔಪಚಾರಿಕವೆಂದು ಭಾವಿಸಿ ಖಾಲಿ ಬಿಡುವುದುಂಟು. ತೇವಾಂಶದ ಫಲಿತಾಂಶವೇ ಆ ಅಂಕಣವನ್ನು ಅವಲಂಬಿಸಿದೆ.

ನಿಯಮದಲ್ಲಿ ದಾಖಲಾಗುವ ಅಂಶಗಳು

ಬೀಜ ರಾಶಿಯ ಗರಿಷ್ಠ ತೂಕ, ಮಾದರಿಯ ಕನಿಷ್ಠ ತೂಕ, ನಡೆಸಬೇಕಾದ ಪರೀಕ್ಷೆಗಳು, ಮೊಳಕೆ ಎಣಿಕೆಯ ದಿನಗಳು ಮತ್ತು ಮಿತಿಗಳನ್ನು ಪ್ರತಿ ಬೆಳೆಗೂ ಪ್ರತ್ಯೇಕವಾಗಿ ದಾಖಲಿಸಲಾಗುತ್ತದೆ. ಒಂದು ರಾಶಿಯು ರಾಗಿಯಂತಹ ಸಣ್ಣ ಕಾಳುಗಳಿಗೆ 10,000 ಕಿಲೋಗ್ರಾಂ, ಭತ್ತಕ್ಕೆ 20,000 ಕಿಲೋಗ್ರಾಂ, ಮುಸುಕಿನ ಜೋಳಕ್ಕೆ 40,000 ಕಿಲೋಗ್ರಾಂ ಮೀರುವಂತಿಲ್ಲ. ಪ್ರಯೋಗಾಲಯಕ್ಕೆ ಕಳುಹಿಸುವ ಮಾದರಿಯು ರಾಗಿಗೆ 60 ಗ್ರಾಂ, ಭತ್ತಕ್ಕೆ 400 ಗ್ರಾಂ, ಮುಸುಕಿನ ಜೋಳ ಮತ್ತು ಶೇಂಗಾಕ್ಕೆ 1 ಕಿಲೋಗ್ರಾಂ ಇರತಕ್ಕದ್ದು. ತೂಕ ಕಡಿಮೆಯಿದ್ದಲ್ಲಿ ತಂತ್ರಾಂಶವು ನೋಂದಣಿ ಹಂತದಲ್ಲಿಯೇ ಮಾದರಿಯನ್ನು ತಡೆಯುವಂತೆ ಅಳವಡಿಸುವುದು ಸೂಕ್ತ. ಪರೀಕ್ಷೆ ಅರ್ಧಕ್ಕೆ ಬಂದ ಮೇಲೆ ನಿಲ್ಲುವುದಕ್ಕಿಂತ ಇದು ಅರ್ಜಿದಾರರಿಗೂ ಅನುಕೂಲ.

ಮೊಳಕೆ ಪರೀಕ್ಷೆಯ ಅಂತಿಮ ಎಣಿಕೆಯು ಮುಸುಕಿನ ಜೋಳಕ್ಕೆ 7ನೇ ದಿನ, ರಾಗಿಗೆ 8ನೇ ದಿನ, ಶೇಂಗಾಕ್ಕೆ 10ನೇ ದಿನ, ಭತ್ತಕ್ಕೆ 14ನೇ ದಿನ ನಡೆಯುತ್ತದೆ. ಆದುದರಿಂದ ಭತ್ತದ ವರದಿಯನ್ನು ಒಂದು ವಾರದಲ್ಲಿ ನೀಡುವಂತೆ ಕೋರುವುದರಿಂದ ಪ್ರಯೋಜನವಿಲ್ಲ. ಹತ್ತಿ, ಹರಳು ಮುಂತಾದ ಸಂಕರಣ ತಳಿಗಳ ಆನುವಂಶಿಕ ಶುದ್ಧತೆಯನ್ನು ತಾಕಿನಲ್ಲಿ ಬೆಳೆದು ನೋಡಿ ತೀರ್ಮಾನಿಸಬೇಕಾಗಿರುವುದರಿಂದ ಅದಕ್ಕೆ ಇನ್ನೂ ಹೆಚ್ಚಿನ ಕಾಲಾವಕಾಶ ಬೇಕಾಗುತ್ತದೆ.

ಹೊಸದಾಗಿ ಕೊಯ್ಲಾದ ಭತ್ತ ಹಾಗೂ ಶೇಂಗಾದ ಕೆಲವು ತಳಿಗಳಲ್ಲಿ ಸುಪ್ತಾವಸ್ಥೆ ಇರುತ್ತದೆ. ಅಂದರೆ ಬೀಜ ಜೀವಂತವಾಗಿದ್ದರೂ ಕೂಡಲೇ ಮೊಳೆಯುವುದಿಲ್ಲ. ಇಂತಹ ಮಾದರಿಗಳನ್ನು ಪರೀಕ್ಷೆಗೆ ಮೊದಲು ಬೆಚ್ಚಗಿಡುವ ಕ್ರಮವಿದೆ: ಭತ್ತಕ್ಕೆ 50 ಡಿಗ್ರಿ, ಶೇಂಗಾಕ್ಕೆ 40 ಡಿಗ್ರಿ ಸೆಲ್ಸಿಯಸ್. ತೊಗರಿ, ಹೆಸರು ಮುಂತಾದ ದ್ವಿದಳ ಧಾನ್ಯಗಳಲ್ಲಿ ನೀರನ್ನು ಹೀರದೆ ಉಳಿಯುವ ಗಟ್ಟಿ ಕಾಳುಗಳನ್ನು ಸತ್ತ ಕಾಳುಗಳೆಂದು ಎಣಿಸುವಂತಿಲ್ಲ. ಅವುಗಳನ್ನು ಸೇರಿಸಿಯೇ ಶೇ. 75 ಎಂಬ ಮಿತಿಯನ್ನು ನಿಗದಿಪಡಿಸಲಾಗಿದೆ. ಈ ಎರಡು ಅಂಶಗಳು ನಿಯಮದಲ್ಲಿ ಬಿಟ್ಟುಹೋದರೆ ಒಳ್ಳೆಯ ಬೀಜವೇ ತಿರಸ್ಕೃತವಾಗುತ್ತದೆ. ಕೊಯ್ಲಿನ ದಿನಾಂಕವನ್ನು ಅರ್ಜಿಯಲ್ಲಿ ನಮೂದಿಸಿದಲ್ಲಿ ಪ್ರಯೋಗಾಲಯಕ್ಕೆ ಸಹಾಯವಾಗುತ್ತದೆ.

ಫಲಿತಾಂಶದ ಲೆಕ್ಕ

ಮೊಳಕೆ ಪರೀಕ್ಷೆಗೆ ತಲಾ 100ರಂತೆ ನಾಲ್ಕು ಗುಂಪುಗಳಲ್ಲಿ 400 ಕಾಳುಗಳನ್ನು ಇಡಲಾಗುತ್ತದೆ. ನಾಲ್ಕರ ಸರಾಸರಿಯನ್ನು ಹತ್ತಿರದ ಪೂರ್ಣಾಂಕಕ್ಕೆ ತರಲಾಗುತ್ತದೆ. ಅರ್ಧ ಬಂದಲ್ಲಿ ಮೇಲಕ್ಕೆ ಎಣಿಸಲಾಗುತ್ತದೆ. ಭತ್ತದಲ್ಲಿ 318 ಸಸಿಗಳು ಸರಿಯಾಗಿ ಮೊಳೆತರೆ ಸರಾಸರಿ 79.5 ಆಗಿ, 80 ಎಂದು ದಾಖಲಾಗಿ ರಾಶಿಯು ಉತ್ತೀರ್ಣವಾಗುತ್ತದೆ. 317 ಆದರೆ 79.25, ಅಂದರೆ 79 ಆಗಿ ಅನುತ್ತೀರ್ಣವಾಗುತ್ತದೆ. ಒಂದು ಸಸಿಯ ಎಣಿಕೆಯ ಮೇಲೆ 20 ಟನ್ ಬೀಜದ ಭವಿಷ್ಯ ನಿಂತಿರುವ ಸಂದರ್ಭವೂ ಬರಬಹುದು. ತಂತ್ರಾಂಶದಲ್ಲಿ ದಶಮಾಂಶವನ್ನು ಕೈಬಿಡುವಂತೆ ತಪ್ಪಾಗಿ ಅಳವಡಿಸಿದ್ದರೆ 318 ಸಹ ಅನುತ್ತೀರ್ಣವಾಗಿಬಿಡುತ್ತದೆ.

ಸರಾಸರಿ ಸರಿಯಿದ್ದರೂ ಸಾಲದು. ನಾಲ್ಕು ಗುಂಪುಗಳಲ್ಲಿ ಕ್ರಮವಾಗಿ 90, 84, 76 ಮತ್ತು 70 ಮೊಳೆತರೆ ಸರಾಸರಿ ಶೇ. 80 ಬರುತ್ತದೆ. ಆದರೆ ಗರಿಷ್ಠ ಮತ್ತು ಕನಿಷ್ಠಗಳ ಅಂತರ 20. ಸರಾಸರಿ 80 ಇರುವಾಗ ಈ ಅಂತರವು 16ನ್ನು ಮೀರಬಾರದೆಂದು ಅಂತರರಾಷ್ಟ್ರೀಯ ಬೀಜ ಪರೀಕ್ಷಾ ಸಂಘದ ಕೋಷ್ಟಕವು ತಿಳಿಸುತ್ತದೆ. ಇಂತಹ ಫಲಿತಾಂಶದ ಮೇಲೆ ವರದಿ ಸಿದ್ಧವಾಗದಂತೆ ತಡೆದು, ಮರುಪರೀಕ್ಷೆಗೆ ಸೂಚಿಸುವುದು ತಂತ್ರಾಂಶದ ಕರ್ತವ್ಯ. ಮರುಪರೀಕ್ಷೆಯಿಂದಾಗುವ ವಿಳಂಬವನ್ನು ನಿರ್ಲಕ್ಷ್ಯವೆಂದು ಅರ್ಜಿದಾರರು ಭಾವಿಸಬಾರದು.

ನಿಯಮಗಳ ತಿದ್ದುಪಡಿ

ಮಾನದಂಡಗಳು ಪರಿಷ್ಕೃತವಾದಾಗ ಹಳೆಯ ನಿಯಮವನ್ನು ಅಳಿಸದೆ, ಹೊಸದನ್ನು ಜಾರಿಯ ದಿನಾಂಕದೊಂದಿಗೆ ಸೇರಿಸತಕ್ಕದ್ದು. ಹಳೆಯ ವರದಿಯು ಯಾವ ಮಿತಿಯ ಮೇಲೆ ನೀಡಲ್ಪಟ್ಟಿತೆಂಬುದು ನ್ಯಾಯಾಲಯದಲ್ಲಿ ಪ್ರಶ್ನೆಯಾಗಬಹುದು. ಮಿತಿಯನ್ನು ದಾಖಲಿಸುವವರು ಮತ್ತು ಅನುಮೋದಿಸುವವರು ಬೇರೆ ಬೇರೆ ಅಧಿಕಾರಿಗಳಾಗಿರುವುದು ಉಚಿತ.

ಅರ್ಜಿದಾರರ ಗಮನಕ್ಕೆ

ಬೆಳೆ, ತಳಿ, ಸಂಕರಣವೇ ಅಲ್ಲವೇ ಎಂಬುದು, ಬೀಜದ ವರ್ಗ, ರಾಶಿ ಸಂಖ್ಯೆ, ಚೀಲದ ವಿಧ ಮತ್ತು ಬೀಜೋಪಚಾರದ ವಿವರಗಳನ್ನು ಸ್ಪಷ್ಟವಾಗಿ ನಮೂದಿಸತಕ್ಕದ್ದು. ತೇವಾಂಶ ಪರೀಕ್ಷೆಯ ಮಾದರಿಯನ್ನು ಗಾಳಿಯಾಡದ ಚೀಲದಲ್ಲಿ ಪ್ರತ್ಯೇಕವಾಗಿ ಕಳುಹಿಸತಕ್ಕದ್ದು. ಬಟ್ಟೆಯ ಚೀಲದಲ್ಲಿ ಬಂದ ಮಾದರಿಯು ದಾರಿಯ ಹವೆಯ ತೇವವನ್ನು ತೋರಿಸುತ್ತದೆಯೇ ಹೊರತು ರಾಶಿಯದನ್ನಲ್ಲ. ವರದಿ ಕೈಸೇರಿದ ಕೂಡಲೇ ಅದರಲ್ಲಿನ ಬೆಳೆ, ವರ್ಗ ಮತ್ತು ಚೀಲದ ವಿಧವನ್ನು ಅರ್ಜಿಯ ಪ್ರತಿಯೊಂದಿಗೆ ತಾಳೆ ನೋಡತಕ್ಕದ್ದು.

ಖರೀದಿಸಿದ ಬೀಜ ಮೊಳೆಯದಿದ್ದಲ್ಲಿ ರೈತರು ಬೀಜ ಪರಿವೀಕ್ಷಕರಿಗೆ ಲಿಖಿತ ದೂರು ನೀಡಬಹುದು. ಸಮೀಪದ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಬಹುದು. ಬೀಜ ನಿಯಮಗಳ 23ಎ ಪ್ರಕಾರ ಪರಿವೀಕ್ಷಕರು ಚೀಲ, ಗುರುತು ಚೀಟಿ ಹಾಗೂ ಉಳಿದ ಬೀಜವನ್ನು ವಶಕ್ಕೆ ಪಡೆದು, ಅದೇ ರಾಶಿಯ ಮಾದರಿಯನ್ನು ವಿಶ್ಲೇಷಣೆಗೆ ಕಳುಹಿಸುತ್ತಾರೆ. ಪ್ರಮಾಣಿತ ಬೀಜದ ನೀಲಿ ಚೀಟಿಯನ್ನು ಬಿತ್ತನೆಯ ದಿನವೇ ಎಸೆಯುವ ರೂಢಿ ಹಲವೆಡೆ ಇದೆ. ಅದರ ಮೇಲಿನ ರಾಶಿ ಸಂಖ್ಯೆ ಇಲ್ಲದೆ ಬೀಜದ ಮೂಲವನ್ನು ಪತ್ತೆಹಚ್ಚುವುದು ಕಷ್ಟ. ಚೀಟಿ, ರಸೀದಿ ಮತ್ತು ಒಂದು ಹಿಡಿ ಬೀಜವನ್ನು ಬೆಳೆ ಕೈಸೇರುವವರೆಗೆ ಕಾಯ್ದಿರಿಸತಕ್ಕದ್ದು.

ಪ್ರಮಾಣಿತ ಬೀಜದ ಸಿಂಧುತ್ವವು ಪರೀಕ್ಷೆಯ ದಿನಾಂಕದಿಂದ 9 ತಿಂಗಳು. ಮರುಪರೀಕ್ಷೆಯಲ್ಲಿ ಉತ್ತೀರ್ಣವಾದಲ್ಲಿ ಪ್ರತಿ ಬಾರಿ 6 ತಿಂಗಳು ವಿಸ್ತರಿಸಬಹುದು. ಇದಕ್ಕಾಗಿ ಹೊಸ ಮಾದರಿಯನ್ನು ಸಿಂಧುತ್ವದ ಅವಧಿ ಮುಗಿಯುವ ಮುನ್ನವೇ, ಎಣಿಕೆಗೆ ತಗಲುವ ದಿನಗಳನ್ನು ಲೆಕ್ಕಹಾಕಿ ಸಲ್ಲಿಸತಕ್ಕದ್ದು.