ಹೊಸ ಊರು ಪರಿಚಿತವಾಗುವ ಬಗೆ

ಊರು ಬದಲಿಸಿದವರಿಗೆಲ್ಲ ತಿಳಿದ ಸಂಗತಿಯೊಂದುಂಟು. ಮೊದಲ ವಾರದಲ್ಲಿ ಮನೆಯಿಂದ ಕಚೇರಿಗೆ ಹೋಗುವ ದಾರಿ ಬಹು ದೂರವೆಂದು ತೋರುವುದು. ಮೂರು ತಿಂಗಳು ಕಳೆಯುವುದರೊಳಗಾಗಿ ಅದೇ ದಾರಿ ಅರ್ಧಕ್ಕೆ ಕುಗ್ಗಿದಂತೆ ಭಾಸವಾಗುವುದು. ರಸ್ತೆಯ ಉದ್ದ ಒಂದು ಗೇಣೂ ಕಡಮೆಯಾಗಿಲ್ಲ. ಬದಲಾದದ್ದು ನಡೆಯುವವನ ತಲೆಯೊಳಗೆ. ಅಲ್ಲಿ ನಡೆಯುವ ಕೆಲಸ ಎಂಥದು, ಅದಕ್ಕೆ ಎಷ್ಟು ಕಾಲ ಬೇಕು ಎಂಬುದನ್ನು ಕುರಿತು ಕಳೆದ ಏಳೆಂಟು ದಶಕಗಳಲ್ಲಿ ವಿಜ್ಞಾನಿಗಳು ಸಾಕಷ್ಟು ವಿಷಯಗಳನ್ನು ಸಂಗ್ರಹಿಸಿದ್ದಾರೆ.

ವಿಷಯ ಸುಲಭವಾಗಿ ಮನಸ್ಸಿಗೆ ಹತ್ತುವಂತೆ ನಾವು ಒಬ್ಬ ತರುಣಿಯನ್ನು ಕಲ್ಪಿಸಿಕೊಳ್ಳೋಣ. ಅವಳ ಊರು ಹುಬ್ಬಳ್ಳಿ. ಧಾರವಾಡದಲ್ಲಿ ಪತ್ರಿಕೋದ್ಯಮವನ್ನು ವ್ಯಾಸಂಗಮಾಡಿ, ಬೆಂಗಳೂರಿನ ಸಾರ್ವಜನಿಕ ಸಂಪರ್ಕ ಸಂಸ್ಥೆಯೊಂದರಲ್ಲಿ ಕೆಲಸಕ್ಕೆ ಸೇರಿದ್ದಾಳೆ. ಮಲ್ಲೇಶ್ವರದಲ್ಲಿ ಇನ್ನೊಬ್ಬಳೊಡನೆ ಹಂಚಿಕೊಂಡ ಬಾಡಿಗೆ ಕೋಣೆ. ಕಚೇರಿ ಮಹಾತ್ಮಾ ಗಾಂಧಿ ರಸ್ತೆಯ ಬಳಿ. ಪತ್ರಿಕಾ ಪ್ರಕಟಣೆಗಳನ್ನು ಬರೆಯುವುದು, ಪತ್ರಿಕಾಗೋಷ್ಠಿಗಳನ್ನು ಏರ್ಪಡಿಸುವುದು, ಯಾವ ಪತ್ರಿಕೆಯಲ್ಲಿ ಯಾವ ಸುದ್ದಿಯನ್ನು ಯಾರು ನೋಡಿಕೊಳ್ಳುತ್ತಾರೆಂದು ಅರಿತು ಅವರೊಡನೆ ಮಾತನಾಡುವುದು ಅವಳ ನಿತ್ಯದ ಉದ್ಯೋಗ. ಈ ವೃತ್ತಿಯನ್ನೇ ನಾವು ಆರಿಸಿಕೊಂಡುದಕ್ಕೆ ಕಾರಣವುಂಟು. ಬಡಗಿಯು ಊರು ಬಿಟ್ಟರೆ ಉಳಿ ಬಾಚಿಗಳು ಅವನೊಡನೆ ಬರುತ್ತವೆ. ಸಾರ್ವಜನಿಕ ಸಂಪರ್ಕದವರ ಉಪಕರಣವಾದರೋ ಪರಿಚಯ. ಅದರ ಬಹುಭಾಗವನ್ನು ಹಳೆಯ ಊರಿನಲ್ಲಿಯೇ ಬಿಟ್ಟು ಬರಬೇಕಾಗುತ್ತದೆ.

ಅವಳಿಗೆ ಒದಗುವ ಮೊದಲನೆಯ ತೊಂದರೆ ನಿದ್ರೆಯದು. ಹಾಸಿಗೆ ಮೆತ್ತಗಿದ್ದರೂ, ಪ್ರಯಾಣದ ಆಯಾಸವಿದ್ದರೂ, ಹೊಸ ಕೋಣೆಯಲ್ಲಿ ನಿದ್ದೆ ಸರಿಯಾಗಿ ಹತ್ತದು. ನಿದ್ರೆಯನ್ನು ಅಭ್ಯಾಸಮಾಡುವ ವಿಜ್ಞಾನಿಗಳು 1966ರಷ್ಟು ಹಿಂದೆಯೇ ಇದನ್ನು ವಿವರಿಸಿದ್ದರು. ಪ್ರಯೋಗಶಾಲೆಯಲ್ಲಿ ಮಲಗಿದವರ ಮೊದಲನೆಯ ದಿನದ ನಿದ್ದೆ ಉಳಿದ ದಿನಗಳದಕ್ಕಿಂತ ಕೀಳಾಗಿರುವುದರಿಂದ ಆ ದಿನದ ಅಳತೆಗಳನ್ನು ಲೆಕ್ಕಕ್ಕೆ ಹಿಡಿಯದೆ ಬಿಡುವ ವಾಡಿಕೆಯೂ ಬೆಳೆಯಿತು. 2016ರಲ್ಲಿ ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದಲ್ಲಿ ತಮಾಕಿ, ಸಸಾಕಿ ಮೊದಲಾದವರು ಹಾಗೆ ಬಿಟ್ಟುದನ್ನೇ ಕೈಗೆತ್ತಿಕೊಂಡು ಪರೀಕ್ಷಿಸಿದರು. ಹೊಸ ಸ್ಥಳದಲ್ಲಿ ಮಲಗಿದ ದಿನ ಮಿದುಳಿನ ಎಡಗೋಳಾರ್ಧದ ಒಂದು ಭಾಗದ ನಿದ್ರೆ ಬಲಗೋಳಾರ್ಧದಷ್ಟು ಗಾಢವಾಗಿರಲಿಲ್ಲ. ಬಲಗಿವಿಯ ಸುದ್ದಿ ಹೆಚ್ಚಾಗಿ ಎಡಗೋಳಾರ್ಧಕ್ಕೆ ಮುಟ್ಟುತ್ತದೆ. ಆ ಕಿವಿಯಲ್ಲಿ ಅಪರಿಚಿತ ಸದ್ದಾದಾಗ ಮಲಗಿದ್ದವರು ಬೇಗನೆ ಎಚ್ಚರಗೊಂಡರು. ಡಾಲ್ಫಿನ್‌ಗಳೂ ಬಾತುಕೋಳಿಗಳೂ ಅರ್ಧ ಮಿದುಳನ್ನು ಎಚ್ಚರವಾಗಿರಿಸಿ ಮಲಗಬಲ್ಲವು. ಆ ಕಾವಲಿನ ಅಲ್ಪಾಂಶ ನಮ್ಮಲ್ಲಿಯೂ ಉಳಿದಂತಿದೆ. ಸುಮಾರು ಒಂದು ವಾರ ಬಿಟ್ಟು ಅಲ್ಲಿಯೇ ಮತ್ತೆ ಮಲಗಿದಾಗ ಎಡಬಲಗಳ ಈ ವ್ಯತ್ಯಾಸ ಕಾಣಲಿಲ್ಲ.

ನಿದ್ರೆಗೆ ಕೆಲವು ದಿನಗಳು ಸಾಕು, ದಾರಿಗೆ ಸಾಲವು. ದಾರಿ ಕಲಿಯುವುದೆಂದರೆ 'ಇಲ್ಲಿ ಎಡಕ್ಕೆ, ಅಲ್ಲಿ ಬಲಕ್ಕೆ' ಎಂದು ಬಾಯಿಪಾಠ ಮಾಡುವುದೇ? ಒಂದು ಕಾಲಕ್ಕೆ ಹೆಚ್ಚಿನ ಮನಶ್ಶಾಸ್ತ್ರಜ್ಞರು ಹಾಗೆಯೇ ನಂಬಿದ್ದರು. ಅದನ್ನು ಅಲುಗಾಡಿಸಿದವನು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಟೋಲ್ಮನ್. 1930ರಲ್ಲಿ ಅವನೂ ಹಾನ್ಜಿಕ್ ಎಂಬ ಸಹೋದ್ಯೋಗಿಯೂ ಇಲಿಗಳ ಮೂರು ಗುಂಪುಗಳನ್ನು ಒಂದು ಚಕ್ರವ್ಯೂಹದಲ್ಲಿ ದಿನಕ್ಕೊಮ್ಮೆ ಓಡಾಡಲು ಬಿಟ್ಟರು. ಮೊದಲ ಗುಂಪಿಗೆ ಕೊನೆಯ ಕೋಣೆಯಲ್ಲಿ ಪ್ರತಿದಿನವೂ ಆಹಾರ ದೊರೆಯುತ್ತಿತ್ತು. ಅವುಗಳ ತಪ್ಪುಗಳು ದಿನೇ ದಿನೇ ಕಡಮೆಯಾದವು. ಎರಡನೆಯದಕ್ಕೆ ಅಲ್ಲಿ ಎಂದೂ ಆಹಾರವಿಲ್ಲ. ಅವು ಸುಮ್ಮನೆ ಅಲೆದವು. ಮೂರನೆಯ ಗುಂಪಿಗೆ ಹತ್ತು ದಿನ ಏನನ್ನೂ ಇಡದೆ, ಹನ್ನೊಂದನೆಯ ದಿನ ಆಹಾರವನ್ನು ಇಟ್ಟರು. ಮರುದಿನ ನೋಡಿದರೆ ಆ ಇಲಿಗಳು ಹನ್ನೊಂದು ದಿನ ಉಂಡು ಕಲಿತ ಮೊದಲ ಗುಂಪಿಗೆ ಸರಿಸಮನಾಗಿ ಓಡಿದವು! ಗುರಿಯಿಲ್ಲದೆ ಅಲೆದ ಹತ್ತು ದಿನಗಳಲ್ಲಿ ಅವು ಆ ಸ್ಥಳದ ರೂಪವನ್ನೇ ಗ್ರಹಿಸಿದ್ದವೆಂದು ಟೋಲ್ಮನ್ ವಾದಿಸಿದನು. 1948ರ ಲೇಖನವೊಂದರಲ್ಲಿ ಅವನು ಇದನ್ನು 'ಅರಿವಿನ ನಕ್ಷೆ' ಎಂದು ಕರೆದನು.

ನಕ್ಷೆಯೆಂಬುದು ಬರಿಯ ಉಪಮೆಯಲ್ಲವೆಂದು ಮುಂದೆ ತಿಳಿದುಬಂದಿತು. ಕಿವಿಗಳ ಮಟ್ಟದಲ್ಲಿ, ಮಿದುಳಿನ ಒಳಗಡೆ ಎರಡು ಪಕ್ಕಗಳಲ್ಲಿಯೂ ಹಿಪ್ಪೊಕ್ಯಾಂಪಸ್ ಎಂಬ ಭಾಗವಿದೆ. ಕಡಲಕುದುರೆಯನ್ನು ಹೋಲುವುದರಿಂದ ಅದಕ್ಕೆ ಆ ಹೆಸರು. 1971ರಲ್ಲಿ ಲಂಡನ್ನಿನಲ್ಲಿ ಜಾನ್ ಓಕೀಫ್ ತನ್ನ ಸಹೋದ್ಯೋಗಿಯೊಡನೆ ಇಲಿಯ ಆ ಭಾಗಕ್ಕೆ ಕೂದಲೆಳೆಯಂಥ ತಂತಿಗಳನ್ನು ಸೇರಿಸಿ ಒಂದೊಂದು ನರಕೋಶದ ವಿದ್ಯುತ್ ಮಿಡಿತವನ್ನು ಗಮನಿಸಿದನು. ಇಲಿಯು ಒಂದು ನಿರ್ದಿಷ್ಟ ಮೂಲೆಗೆ ಬಂದಾಗ ಒಂದು ಕೋಶ ಮಿಡಿಯುವುದು. ಬೇರೊಂದು ಮೂಲೆಗೆ ಸರಿದರೆ ಅದು ಸುಮ್ಮನಾಗಿ ಇನ್ನೊಂದು ಮಿಡಿಯುವುದು. 2005ರಲ್ಲಿ ನಾರ್ವೆಯ ಮೋಸರ್ ದಂಪತಿಗಳ ಪ್ರಯೋಗಶಾಲೆ ಪಕ್ಕದ ಭಾಗದಲ್ಲಿ ಮತ್ತೊಂದು ಬಗೆಯ ಕೋಶಗಳನ್ನು ವಿವರಿಸಿತು. ಅಂಥ ಒಂದೇ ಕೋಶವು ನೆಲದ ಹಲವು ಸ್ಥಾನಗಳಲ್ಲಿ ಮಿಡಿಯುತ್ತದೆ. ಆ ಸ್ಥಾನಗಳನ್ನು ಗುರುತುಮಾಡಿದರೆ, ಒಂದು ಸಾಲಿನ ಎರಡು ಚುಕ್ಕಿಗಳ ನಡುವೆ ಮುಂದಿನ ಸಾಲಿನ ಚುಕ್ಕಿ ಬರುವಂತೆ ಇಟ್ಟ ರಂಗೋಲಿ ಕಾಣುತ್ತದೆ. ದೂರವನ್ನು ಅಳೆಯಲು ಮಿದುಳು ತಾನೇ ಇಟ್ಟುಕೊಂಡ ಚುಕ್ಕಿಗಳಿವು. 2014ರ ನೊಬೆಲ್ ಪಾರಿತೋಷಕ ಈ ಮೂವರಿಗೆ ಸಂದಿತು.

ಇಲಿಯ ಮಾತಾಯಿತು, ಮನುಷ್ಯನದೇನು ಎಂದು ಕೇಳಬಹುದು. ಲಂಡನ್ನಿನಲ್ಲಿ ಟ್ಯಾಕ್ಸಿಯ ಪರವಾನಗಿ ಪಡೆಯಬೇಕಾದರೆ ಸುಮಾರು 25,000 ಬೀದಿಗಳನ್ನು ಮನಸ್ಸಿನಲ್ಲಿರಿಸಿಕೊಳ್ಳಬೇಕು. ಅದಕ್ಕೆ ಮೂರು ನಾಲ್ಕು ವರ್ಷ ಹಿಡಿಯುತ್ತದೆ. 2000ದಲ್ಲಿ ಎಲೀನರ್ ಮಗ್ವೈರ್ ಮತ್ತು ಸಂಗಡಿಗರು ಅಂಥ ಹದಿನಾರು ಚಾಲಕರ ಮಿದುಳಿನ ಚಿತ್ರಗಳನ್ನು ತೆಗೆದು ನೋಡಿದಾಗ, ಹಿಪ್ಪೊಕ್ಯಾಂಪಸಿನ ಹಿಂಭಾಗ ಇತರರದಕ್ಕಿಂತ ದೊಡ್ಡದಾಗಿಯೂ ಮುಂಭಾಗ ಚಿಕ್ಕದಾಗಿಯೂ ಇದ್ದಿತು. ಮೊದಲಿನಿಂದಲೇ ಹಾಗಿದ್ದವರು ಈ ಉದ್ಯೋಗಕ್ಕೆ ಬಂದಿರಬಾರದೇಕೆ ಎಂಬ ಸಂದೇಹ ನ್ಯಾಯವಾದುದೇ. 2011ರಲ್ಲಿ ಅದಕ್ಕೂ ಉತ್ತರ ದೊರೆಯಿತು. ತರಬೇತಿಗೆ ಮೊದಲು ಭೇದವಿಲ್ಲದಿದ್ದವರಲ್ಲಿ, ಪರೀಕ್ಷೆಯಲ್ಲಿ ತೇರ್ಗಡೆಯಾದವರಿಗೆ ಮಾತ್ರ ಆ ಹಿಂಭಾಗ ಬೆಳೆದಿತ್ತು. ನಮ್ಮ ಪ್ರಸ್ತಾಪಕ್ಕೆ ಇನ್ನೂ ಹತ್ತಿರದ ಫಲಿತಾಂಶ 2006ರದು. ಅದೇ ನಗರದಲ್ಲಿ ಅಷ್ಟೇ ವರ್ಷ ವಾಹನ ನಡೆಸಿದ ಬಸ್ ಚಾಲಕರಲ್ಲಿ ಈ ಲಕ್ಷಣ ತೋರಲಿಲ್ಲ. ಅವರು ನಿತ್ಯವೂ ಗೊತ್ತುಮಾಡಿದ ಹಾದಿಯಲ್ಲಿ ಹೋಗುವವರು. ಹಾದಿಯನ್ನು ಆರಿಸುವ ಶ್ರಮ ಅವರಿಗಿಲ್ಲ.

ನಮ್ಮ ತರುಣಿ ಟ್ಯಾಕ್ಸಿ ಚಾಲಕಳೋ ಬಸ್ ಚಾಲಕಳೋ? ಸಂಪಿಗೆ ರಸ್ತೆಯಲ್ಲಿ ಮೆಟ್ರೋ ಹತ್ತಿದ ಒಡನೆಯೇ ಗಾಡಿ ನೆಲದೊಳಕ್ಕೆ ಇಳಿಯುತ್ತದೆ. ಮೆಜೆಸ್ಟಿಕ್ಕಿನಲ್ಲಿ ಗಾಡಿ ಬದಲಿಸಿ, ಕಬ್ಬನ್ ಪಾರ್ಕ್ ದಾಟಿದ ಮೇಲೆಯೇ ಅವಳಿಗೆ ಮತ್ತೆ ಆಕಾಶ ಕಾಣುವುದು. ಹೀಗಾಗಿ ಅವಳ ಬೆಂಗಳೂರೆಂದರೆ ನಡುವೆ ಕತ್ತಲೆಯಿರುವ ಎರಡು ದ್ವೀಪಗಳು. ಮಿಕ್ಕ ಕಡೆಗೆ ಹೋಗುವಾಗ ಕೈಯಲ್ಲಿನ ದೂರವಾಣಿ ದಾರಿ ಹೇಳುತ್ತದೆ. 2017ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು ಸೋಹೋ ಬಡಾವಣೆಯ ಚಲನಚಿತ್ರವನ್ನು ತೋರಿಸುತ್ತ 24 ಮಂದಿಯ ಮಿದುಳನ್ನು ಪರೀಕ್ಷಿಸಿದರು. ತಾವೇ ದಾರಿ ಹುಡುಕುತ್ತಿದ್ದಾಗ, ಹೊಸ ಬೀದಿಯೊಂದಕ್ಕೆ ತಿರುಗಿದೊಡನೆ ಅಲ್ಲಿಂದ ಎಷ್ಟು ಕವಲುಗಳಿವೆಯೋ ಅದಕ್ಕನುಗುಣವಾಗಿ ಹಿಪ್ಪೊಕ್ಯಾಂಪಸ್ ಚುರುಕಾಯಿತು. ಯಂತ್ರದ ಸೂಚನೆಯನ್ನು ಅನುಸರಿಸುತ್ತಿದ್ದಾಗ ಕವಲುಗಳ ಗೊಡವೆಗೇ ಅದು ಹೋಗಲಿಲ್ಲ. ಯಂತ್ರವನ್ನು ಬಿಸಾಡಬೇಕೆಂದು ನಾವು ಹೇಳುವುದಿಲ್ಲ. ಪತ್ರಿಕಾಗೋಷ್ಠಿಗೆ ತಡವಾದರೆ ಯಾವ ನಕ್ಷೆಯೂ ಅವಳ ನೆರವಿಗೆ ಬಾರದು. ಆದರೆ ಭಾನುವಾರ ಯಾವ ಗೋಷ್ಠಿಯೂ ಇಲ್ಲವಲ್ಲ! ಮಲ್ಲೇಶ್ವರವು ಅಲೆಯುವವರಿಗೆ ಅನುಕೂಲವಾದ ಬಡಾವಣೆ. ಪ್ಲೇಗು ಬಂದ 1898ರ ಸುಮಾರಿಗೆ ಅಳೆದು ಹಾಕಿದ ಅದರಲ್ಲಿ ಸಂಪಿಗೆ ರಸ್ತೆ, ಮಾರ್ಗೋಸಾ ರಸ್ತೆಗಳು ಒಂದಕ್ಕೊಂದು ಸಮಾನಾಂತರವಾಗಿ ಹೋಗುತ್ತವೆ. ಅಡ್ಡರಸ್ತೆಗಳಿಗೆ ಅನುಕ್ರಮ ಸಂಖ್ಯೆಯುಂಟು. ಒಂದು ತಿರುವು ತಪ್ಪಿದರೆ ಮುಂದಿನದರಲ್ಲಿ ಸರಿಪಡಿಸಿಕೊಳ್ಳಬಹುದು. ಅಲ್ಲಿ ಪಳಗಿದ ಮೇಲೆ ಚಿಕ್ಕಪೇಟೆ, ಬಳೇಪೇಟೆಗಳ ಸಂದುಗೊಂದಿಗಳಿಗೆ ಹೋಗುವುದು ಒಳ್ಳೆಯದು. ಅಲ್ಲಿ ದಾರಿ ತಪ್ಪುವುದೇ ಒಂದು ಸೊಗಸು.

ಬೀದಿಗಳಂತೆ ಮುಖಗಳೂ ಮನಸ್ಸಿನಲ್ಲಿ ನೆಲೆಯಾಗುತ್ತವೆ. ಸ್ಟ್ಯಾನ್ಲಿ ಮಿಲ್‌ಗ್ರಾಂ ಎಂಬ ಮನಶ್ಶಾಸ್ತ್ರಜ್ಞನ ವಿದ್ಯಾರ್ಥಿಗಳು ರೈಲುನಿಲ್ದಾಣಗಳಲ್ಲಿ ಬೆಳಗಿನ ಗಾಡಿಗಾಗಿ ಕಾದುನಿಂತವರ ಭಾವಚಿತ್ರಗಳನ್ನು ತೆಗೆದು, ಅನಂತರ ಅದೇ ಪ್ರಯಾಣಿಕರಿಗೆ ಹಂಚಿ, ಇವರಲ್ಲಿ ಯಾರನ್ನು ಬಲ್ಲಿರಿ ಎಂದು ವಿಚಾರಿಸಿದರು. ಮುಖ ಬಲ್ಲೆ, ಆದರೆ ಒಮ್ಮೆಯೂ ಮಾತನಾಡಿಲ್ಲ ಎಂಬಂಥವರು ಒಬ್ಬೊಬ್ಬರಿಗೂ ಸರಾಸರಿ ನಾಲ್ವರಿದ್ದರು. 1972ರಲ್ಲಿ ಮಿಲ್‌ಗ್ರಾಂ ಇವರನ್ನು 'ಪರಿಚಿತ ಅಪರಿಚಿತರು' ಎಂದು ಕರೆದನು. ದಿನವೂ ಕಾಣುವ ಹೂವಾಡಗಿತ್ತಿ, ಅದೇ ಡಬ್ಬಿಗೆ ಏರುವ ಕನ್ನಡಕದ ಹಿರಿಯರು, ಇವರ ಹೆಸರು ನಮ್ಮ ತರುಣಿಗೆ ಬೇಕಾಗಿಯೇ ಇಲ್ಲ. ಕಂಡರೆ ಸಾಕು, ಊರು ಸ್ವಸ್ಥಾನದಲ್ಲಿದೆ ಎಂದು ಮನಸ್ಸಿಗೆ ತೋರುತ್ತದೆ.

ಕಚೇರಿಯ ಪರಿಚಯಗಳು ಬೇರೊಂದು ಬಗೆಯವು. ಆರು ತಿಂಗಳಲ್ಲಿ ಅವಳ ದೂರವಾಣಿಯಲ್ಲಿ ಮುನ್ನೂರು ಹೆಸರುಗಳು ತುಂಬಿರಬಹುದು. ಇವು ಜೊಳ್ಳೆಂದು ಭಾವಿಸಬೇಕಾಗಿಲ್ಲ. 1973ರಲ್ಲಿ ಗ್ರನೊವೆಟರ್ ಎಂಬ ಸಮಾಜಶಾಸ್ತ್ರಜ್ಞನು, ಪರಿಚಿತರ ಮೂಲಕ ಉದ್ಯೋಗ ಪಡೆದವರಲ್ಲಿ ಹೆಚ್ಚಿನವರಿಗೆ ಸುದ್ದಿ ತಂದವರು ಆಪ್ತರಲ್ಲ, ಅಪರೂಪಕ್ಕೆ ಕಾಣುವ ಮಂದಿ ಎಂದು ತೋರಿಸಿದನು. ಆಪ್ತರಿಗೆ ತಿಳಿದುದು ಸಾಮಾನ್ಯವಾಗಿ ನಮಗೂ ತಿಳಿದೇ ಇರುತ್ತದಷ್ಟೆ. ಆದರೆ ಜ್ವರ ಬಂದ ರಾತ್ರಿ ಈ ಮುನ್ನೂರು ಹೆಸರುಗಳಲ್ಲಿ ಯಾರನ್ನು ಕರೆಯುವುದು? ಹೊಸಬರು ಊರಿಗೆ ಹಿಂದಿರುಗಲು ಮನಸ್ಸುಮಾಡುವುದು ಇಂಥ ರಾತ್ರಿಗಳಲ್ಲಿಯೇ.

ಸ್ನೇಹಕ್ಕೆ ಎಷ್ಟು ಕಾಲ ಬೇಕೆಂಬುದನ್ನೂ ಒಬ್ಬರು ಅಳೆದುನೋಡಿದ್ದಾರೆ. ಕ್ಯಾನ್ಸಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್, ಆರು ತಿಂಗಳೊಳಗೆ ಊರು ಬದಲಿಸಿ ಗೆಳೆಯರಿಗಾಗಿ ಹುಡುಕುತ್ತಿದ್ದ 355 ಮಂದಿಯನ್ನೂ, ಹೊಸದಾಗಿ ಕಾಲೇಜಿಗೆ ಬಂದ ವಿದ್ಯಾರ್ಥಿಗಳನ್ನೂ ವಿಚಾರಿಸಿ 2018ರಲ್ಲಿ ತಮ್ಮ ಲೆಕ್ಕವನ್ನು ಪ್ರಕಟಿಸಿದರು. ಬರಿಯ ಪರಿಚಯವು ಸಾಧಾರಣ ಗೆಳೆತನವಾಗಲು ಜೊತೆಯಲ್ಲಿ ಕಳೆದ ಸುಮಾರು 50 ಗಂಟೆಗಳೂ, ಸ್ನೇಹವೆನಿಸಲು 90 ಗಂಟೆಗಳೂ, ಆಪ್ತ ಸ್ನೇಹಕ್ಕೆ 200ಕ್ಕೂ ಮೀರಿದ ಗಂಟೆಗಳೂ ಬೇಕಾದುವು. ಮತ್ತೊಂದು ಮಾತು: ಒಂದೆಡೆ ಕೆಲಸಮಾಡಿದ ಗಂಟೆಗಳಿಗೆ ಅಷ್ಟು ಬೆಲೆಯಿಲ್ಲ, ಬಿಡುವಿನಲ್ಲಿ ತಾವಾಗಿ ಕೂಡಿ ಕಳೆದ ಗಂಟೆಗಳೇ ಗಣನೀಯ. ಪತ್ರಿಕಾಗೋಷ್ಠಿಯ ಅನಂತರ ಕಾಫಿಯೊಡನೆ ನಗುನಗುತ್ತ ಆಡಿದ ಮಾತುಗಳು ನಮ್ಮ ತರುಣಿಯ ಸಂಬಳದ ಲೆಕ್ಕಕ್ಕೆ ಸೇರುವುವೇ ಹೊರತು ಈ ಲೆಕ್ಕಕ್ಕೆ ಹೆಚ್ಚಾಗಿ ಸೇರುವುದಿಲ್ಲ. ಇಂಥ ಅಂಕಿಗಳು ಸರಾಸರಿಗಳೆಂಬುದನ್ನು ವಾಚಕರು ಮರೆಯಬಾರದು. ಎರಡು ಗಂಟೆಯಲ್ಲಿ ಕೂಡಿದ ಮನಸ್ಸುಗಳೂ, ಇಪ್ಪತ್ತು ವರ್ಷ ಎದುರುಬದುರಾಗಿದ್ದೂ ಕೂಡದ ಮನಸ್ಸುಗಳೂ ಲೋಕದಲ್ಲಿ ಉಂಟು.

ಆದರೂ ಗುಣಾಕಾರ ಮಾಡಿ ನೋಡುವುದರಲ್ಲಿ ನಷ್ಟವಿಲ್ಲ. ವಿದ್ಯಾರ್ಥಿನಿಲಯದಲ್ಲಿ ಊಟ, ಓದು, ಹರಟೆಗಳೆಂದು ದಿನಕ್ಕೆ ನಾಲ್ಕು ಗಂಟೆ ಜೊತೆಗಿರುವ ಇಬ್ಬರಿಗೆ 200 ಗಂಟೆಗಳು ಐವತ್ತು ದಿನಗಳಲ್ಲಿ ಕೂಡಿಬರುತ್ತವೆ. ಕಾಲೇಜಿನ ಗೆಳೆತನಗಳು ಅಷ್ಟು ಬೇಗ ಬಲಿಯುವುದಕ್ಕೆ ಇದೂ ಒಂದು ಕಾರಣವಿರಬೇಕು. ಉದ್ಯೋಗಕ್ಕೆ ಬಂದವರು ವಾರಕ್ಕೊಮ್ಮೆ ಎರಡು ಗಂಟೆ ಕೂಡಿದರೆ ಅದೇ ಮೊತ್ತಕ್ಕೆ ನೂರು ವಾರಗಳು, ಎಂದರೆ ಹೆಚ್ಚುಕಡಮೆ ಎರಡು ವರ್ಷಗಳು ಹಿಡಿಯುತ್ತವೆ. ಮೂರನೆಯ ವಾರದಲ್ಲಿ "ಇಲ್ಲಿ ನನಗೆ ಯಾರೂ ಇಲ್ಲ, ಅವ್ವಾ" ಎಂದು ಹುಬ್ಬಳ್ಳಿಗೆ ದೂರವಾಣಿ ಮಾಡುವ ಹುಡುಗಿ ನಿಜವನ್ನೇ ಹೇಳುತ್ತಿರುತ್ತಾಳೆ. ಆ ವೇಳೆಗೆ ಅವಳ ಖಾತೆಗೆ ಜಮೆಯಾಗಿರುವುದು ಆರು ಗಂಟೆಗಳು. ಆದರೆ ಅವಳ ಕೋಣೆಯಲ್ಲಿಯೇ ಮತ್ತೊಬ್ಬಳಿದ್ದಾಳೆ. ರಾತ್ರಿಯ ಊಟವನ್ನು ತಮ್ಮ ತಮ್ಮ ದೂರವಾಣಿಗಳನ್ನು ನೋಡುತ್ತ ಮುಗಿಸದೆ, ಅಡ್ಡರಸ್ತೆಗಳಲ್ಲಿ ಒಂದು ಸುತ್ತು ಹಾಕಿ ಬರುವುದಾದರೆ ದಿನಕ್ಕೆ ಎರಡು ಗಂಟೆ. 200 ಗಂಟೆಗಳಿಗೆ ನೂರು ದಿನಗಳು.