ಕಾಡಿನ ಓದಿಗೆ ಕ್ರೆಡಿಟ್

ಅಮೆರಿಕದ ಕಾಲೇಜು ಹುಡುಗರು ಬೇಸಿಗೆ ರಜೆಯಲ್ಲಿ ಅಲಾಸ್ಕಾದ ಹಿಮದ ಮೇಲೋ ಕೋಸ್ಟರಿಕದ ಮಳೆಕಾಡಿನಲ್ಲೋ ಕೆಲವು ವಾರ ಕಳೆದು, ಮರಳಿದ ಮೇಲೆ ಅದನ್ನು ಅಂಕಪಟ್ಟಿಗೆ ಸೇರಿಸಿಕೊಳ್ಳುತ್ತಾರೆ. ಚಾರಣಕ್ಕೂ ಅಂಕವೇ ಎಂಬ ಅನುಮಾನ ಯಾರಿಗಾದರೂ ಬಂದೀತು. ಬರುವುದು ನ್ಯಾಯವೇ. ಅದಕ್ಕೆ ಉತ್ತರ ಬೇಕಿದ್ದರೆ ಕ್ರೆಡಿಟ್ ಏನನ್ನು ಅಳೆಯುತ್ತದೆ ಎಂಬುದನ್ನು ಮೊದಲು ನೋಡಬೇಕು.

ಅದು ಅಳೆಯುವುದು ಹೊತ್ತನ್ನು. ಈ ಲೆಕ್ಕದ ಮೂಲ ಇರುವುದು, ವಿಚಿತ್ರವೆನಿಸಿದರೂ, ಪಿಂಚಣಿಯಲ್ಲಿ. ಉಕ್ಕಿನ ಉದ್ಯಮಿ ಆಂಡ್ರ್ಯೂ ಕಾರ್ನೆಗಿ 1905ರಲ್ಲಿ ಕಾಲೇಜು ಅಧ್ಯಾಪಕರ ಪಿಂಚಣಿಗೆಂದು 1 ಕೋಟಿ ಡಾಲರ್ ಕೊಟ್ಟ. ಯಾವ ಕಾಲೇಜು ಇದಕ್ಕೆ ಅರ್ಹ ಎಂದು ತೀರ್ಮಾನಿಸಲು ಅಳತೆಗೋಲು ಬೇಕಾಯಿತು. ಕಾಲೇಜಿಗೆ ಬರುವವರು ಶಾಲೆಯಲ್ಲಿ ಇಂತಿಷ್ಟು ಗಂಟೆ ಓದಿರಬೇಕು ಎಂಬ ನಿಯಮ ಬಂತು, ಗಂಟೆಯ ಲೆಕ್ಕ ಕಾಲೇಜಿನೊಳಕ್ಕೂ ಹಬ್ಬಿತು. ಇಂದು ಅಲ್ಲಿನ ಕೇಂದ್ರ ಸರ್ಕಾರದ ನಿಯಮದಂತೆ ವಾರಕ್ಕೆ 1 ಗಂಟೆ ಪಾಠ, ಕನಿಷ್ಠ 2 ಗಂಟೆ ಸ್ವಂತ ಓದು, ಹೀಗೆ ಸುಮಾರು 15 ವಾರ ನಡೆದರೆ 1 ಕ್ರೆಡಿಟ್. ಒಟ್ಟು 45 ಗಂಟೆಯ ದುಡಿಮೆ. ಪ್ರಯೋಗಾಲಯ, ಇಂಟರ್ನ್‌ಶಿಪ್ ಮುಂತಾದವುಗಳಲ್ಲೂ ಅಷ್ಟೇ ದುಡಿಮೆ ಇದ್ದರೆ ಕ್ರೆಡಿಟ್ ಕೊಡಬಹುದು ಎನ್ನುತ್ತದೆ ಅದೇ ನಿಯಮ. ಕ್ಷೇತ್ರ ಅಧ್ಯಯನ ಕಾಲೇಜಿನೊಳಗೆ ಬಂದದ್ದು ಈ ದಾರಿಯಿಂದ.

ಕ್ರೆಡಿಟ್ ಹುಟ್ಟುವ ಮೊದಲೇ ಕ್ಷೇತ್ರ ಅಧ್ಯಯನ ಇತ್ತು. 1873ರ ಬೇಸಿಗೆಯಲ್ಲಿ ಲೂಯಿ ಅಗಾಸಿ ಎಂಬ ಪ್ರಾಣಿವಿಜ್ಞಾನಿ ಮ್ಯಾಸಚೂಸೆಟ್ಸ್ ಕರಾವಳಿಯ ಪೆನಿಕೀಸ್ ಎಂಬ ಪುಟ್ಟ ದ್ವೀಪಕ್ಕೆ ಶಾಲಾ ಶಿಕ್ಷಕರನ್ನು ಕರೆದೊಯ್ದು ಸಮುದ್ರಜೀವಿಗಳನ್ನು ಕಣ್ಣಾರೆ ನೋಡಿ ಕಲಿಯಲು ಹಚ್ಚಿದ. ಆ ತಂಡದಲ್ಲಿ ಹೆಂಗಸರೂ ಇದ್ದರು. ಅದೇ ವರ್ಷದ ಕೊನೆಗೆ ಅಗಾಸಿ ತೀರಿಕೊಂಡ, ಶಾಲೆಯೂ ಬಹುಕಾಲ ಬಾಳಲಿಲ್ಲ. ಆದರೆ ಬೇಸಿಗೆಯಲ್ಲಿ ಹೊರಗೆ ಹೋಗಿ ಕಲಿಯುವ ಪದ್ಧತಿ ಉಳಿದುಕೊಂಡಿತು.

ಈ ಪದ್ಧತಿಯನ್ನು ಬಹಳ ದೂರ ಕೊಂಡೊಯ್ದದ್ದು ಜೂನೋ ಐಸ್‌ಫೀಲ್ಡ್ ರಿಸರ್ಚ್ ಪ್ರೋಗ್ರಾಮ್. ಭೂವಿಜ್ಞಾನಿ ಮೇನಾರ್ಡ್ ಮಿಲ್ಲರ್ 1946ರಲ್ಲಿ ಶುರುಮಾಡಿದ ಹಿಮಶೋಧನೆಯಿಂದ ಬೆಳೆದದ್ದು ಅದು. ವಿದ್ಯಾರ್ಥಿಗಳು ಅಲಾಸ್ಕಾದ ಜೂನೋ ಪಟ್ಟಣದಿಂದ ಮೇಲೇರಿ, ಹಗ್ಗ, ಹಿಮಗೊಡಲಿ, ಸ್ಕೀ ಬಳಸುವುದನ್ನು ಕಲಿತು, ಶಿಬಿರದಿಂದ ಶಿಬಿರಕ್ಕೆ ಹಿಮಬಯಲನ್ನು ದಾಟುತ್ತ ಕೆನಡಾದ ಆಟ್ಲಿನ್ ಊರಿಗೆ ಇಳಿಯುತ್ತಾರೆ. ಸಾಹಸವೆಂದರೆ ಸಾಹಸವೇ. ಆದರೆ ಅಲ್ಲಿನ ಮುಖ್ಯ ಕೆಲಸ ಗುಂಡಿ ತೋಡುವುದು! ಹಿಂದಿನ ಬೇಸಿಗೆಯ ಪದರ ಸಿಗುವವರೆಗೆ, ಅಂದರೆ ಹಲವು ಮೀಟರ್ ಆಳಕ್ಕೆ, ಸಲಿಕೆಯಿಂದ ಹಿಮ ತೆಗೆಯಬೇಕು. ಗುಂಡಿಯ ಗೋಡೆಯಿಂದ ಮೇಲಿಂದ ಕೆಳಗಿನವರೆಗೆ ಹಿಮದ ತುಂಡು ತೆಗೆದು ತೂಗಿದರೆ, ಆ ವರ್ಷ ಅಲ್ಲಿ ಎಷ್ಟು ನೀರಿಗೆ ಸಮನಾದ ಹಿಮ ಉಳಿದಿದೆ ಎಂದು ತಿಳಿಯುತ್ತದೆ. ಬೇಸಿಗೆಯಲ್ಲಿ ಕರಗಿದ್ದು ಚಳಿಗಾಲದಲ್ಲಿ ಬಿದ್ದದ್ದಕ್ಕಿಂತ ಹೆಚ್ಚಾದರೆ ಹಿಮನದಿ ಸೊರಗುತ್ತಿದೆ ಎಂದರ್ಥ.

ಹೀಗೆ ವರ್ಷ ವರ್ಷವೂ ತೋಡಿದ ಗುಂಡಿಗಳಿಂದ ಟಾಕು ಹಿಮನದಿಗೆ 1946ರಿಂದ, ಲೆಮನ್ ಕ್ರೀಕ್ ಹಿಮನದಿಗೆ 1953ರಿಂದ ಲೆಕ್ಕವಿದೆ. ಇಷ್ಟು ದೀರ್ಘ ದಾಖಲೆ ಜಗತ್ತಿನ ಕೆಲವೇ ಹಿಮನದಿಗಳಿಗೆ ಉಂಟು. ಟಾಕು ಹಿಮದ ದಪ್ಪ ಒಂದು ಕಡೆ 1,480 ಮೀಟರ್ ಎಂದು ಅಳೆಯಲಾಗಿದೆ. ನೆರೆಯ ಹಿಮನದಿಗಳೆಲ್ಲ ಹಿಂದೆ ಸರಿಯುತ್ತಿದ್ದಾಗ ಇದೊಂದು ದಶಕಗಳ ಕಾಲ ಮುಂದಕ್ಕೆ ಹರಿಯಿತು. ಈ ಶತಮಾನದ ಎರಡನೇ ದಶಕದಲ್ಲಿ ಅದೂ ನಿಂತು, ಹಿಂದೆ ಸರಿಯತೊಡಗಿತು. ಹವಾಮಾನ ವಿಜ್ಞಾನಿಗಳು ಇಂದು ಬಳಸುವ ಅಂಕಿಗಳ ಹಿಂದೆ ವಿದ್ಯಾರ್ಥಿಗಳ ಸಲಿಕೆ ಕೆಲಸವೂ ಇದೆ. ಇದಕ್ಕೆ ಕ್ರೆಡಿಟ್ ಕೊಡುವುದು ಹೆಚ್ಚಾಯಿತು ಎಂದು ಯಾರು ಹೇಳಿಯಾರು?

ನಡೆದ ದೂರಕ್ಕೆ ಅಂಕವಿಲ್ಲ, ಬೇರೆಯವರು ಪರಿಶೀಲಿಸಬಹುದಾದ ದಾಖಲೆಗೆ ಅಂಕ. ಆದ್ದರಿಂದಲೇ ಒಳ್ಳೆಯ ಕ್ಷೇತ್ರ ಅಧ್ಯಯನದಲ್ಲಿ ಅಧ್ಯಾಪಕರು ಮೊದಲು ಕೇಳುವುದು ಟಿಪ್ಪಣಿ ಪುಸ್ತಕವನ್ನು. ಅದಕ್ಕೊಂದು ಶಿಸ್ತು ಕಟ್ಟಿಕೊಟ್ಟವನು ಬರ್ಕ್ಲಿಯ ಪ್ರಾಣಿವಿಜ್ಞಾನಿ ಜೋಸೆಫ್ ಗ್ರಿನೆಲ್. ದಿನಾಂಕ, ಜಾಗ, ಹವೆ, ಕಂಡದ್ದು, ಎಲ್ಲವನ್ನೂ ಅಂದಂದೇ ಬರೆಯಬೇಕು. ದಿನಚರಿ ಬೇರೆ, ಒಂದೊಂದು ಜೀವಿಯ ಟಿಪ್ಪಣಿ ಬೇರೆ. 1914ರಿಂದ 1920ರವರೆಗೆ ಯೊಸೆಮಿಟಿಯಲ್ಲಿ ಅವನ ತಂಡ ಹೀಗೆ ಬರೆದಿಟ್ಟ ಪುಟಗಳನ್ನು ಹಿಡಿದು ಸುಮಾರು 90 ವರ್ಷದ ಮೇಲೆ ವಿಜ್ಞಾನಿಗಳು ಅದೇ ಜಾಗಗಳಿಗೆ ಮತ್ತೆ ಹೋದರು. 28 ಬಗೆಯ ಸಣ್ಣ ಸಸ್ತನಿಗಳಲ್ಲಿ ಅರ್ಧದಷ್ಟರ ವಾಸದ ಎಲ್ಲೆ ಸರಾಸರಿ 500 ಮೀಟರ್ ಮೇಲಕ್ಕೆ ಸರಿದಿತ್ತು. 2008ರಲ್ಲಿ ಪ್ರಕಟವಾದ ಈ ಫಲಿತಾಂಶ ಹಳೆಯ ಟಿಪ್ಪಣಿಗಳಿಲ್ಲದಿದ್ದರೆ ಸಿಗುತ್ತಲೇ ಇರಲಿಲ್ಲ.

ಈ ವ್ಯವಸ್ಥೆಯಲ್ಲಿ ಕೊರತೆಯೂ ಇದೆ. ಇಂಥ ಕೋರ್ಸುಗಳ ಶುಲ್ಕ ಸಾವಿರಾರು ಡಾಲರ್. ರಜೆಯಲ್ಲಿ ದುಡಿದು ಮುಂದಿನ ವರ್ಷದ ಖರ್ಚು ಹೊಂದಿಸಬೇಕಾದ ವಿದ್ಯಾರ್ಥಿಗೆ ವಿದ್ಯಾರ್ಥಿವೇತನ ಸಿಗದಿದ್ದರೆ ಈ ಬಾಗಿಲು ಮುಚ್ಚಿದಂತೆಯೇ.

ನಮ್ಮಲ್ಲಿ ಎಂ. ಸಿ. ಮೆಹ್ತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1991ರಲ್ಲಿ ಕೊಟ್ಟ ನಿರ್ದೇಶನದ ಫಲವಾಗಿ ಪರಿಸರ ಅಧ್ಯಯನ ಪದವಿಯ ಕಡ್ಡಾಯ ವಿಷಯವಾಯಿತು. ಯುಜಿಸಿ ರೂಪಿಸಿದ ಆ ಪಠ್ಯದ 50 ಪಾಠಗಳಲ್ಲಿ ಹೊರಗಿನ ಕೆಲಸಕ್ಕೆ ಸಿಕ್ಕಿದ್ದು 5 ಪಾಠದಷ್ಟು ಹೊತ್ತು. ಕೆರೆ, ಗುಡ್ಡ, ಹುಲ್ಲುಗಾವಲು ನೋಡಿ ಬರೆಯಬೇಕೆಂದು ಅದರಲ್ಲಿತ್ತು. ಆದರೆ ಕಾಲೇಜಿನ ಹೊಸ್ತಿಲು ದಾಟದೆಯೇ ವರದಿ ಒಪ್ಪಿಸುವುದು ಕಷ್ಟವೇನೂ ಆಗಿರಲಿಲ್ಲ. ಈಗ 2023ರ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟು 30 ಗಂಟೆಯ ಕಲಿಕೆಗೆ 1 ಕ್ರೆಡಿಟ್ ಎನ್ನುತ್ತದೆ, ಕ್ಷೇತ್ರಕಾರ್ಯವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ನಿಯಮ ಸಡಿಲಾಯಿತು, ಇನ್ನು ಬೇಕಿರುವುದು ಮಕ್ಕಳನ್ನು ಕೆರೆ ದಂಡೆಗೆ ಕರೆದೊಯ್ಯುವ ಮೇಷ್ಟ್ರು.

ದೇಶದಲ್ಲಾಗಲಿ ಹೊರಗಾಗಲಿ ಇಂಥ ಶಿಬಿರ ಸೇರಬೇಕೆಂದಿರುವವರಿಗೆ ಒಂದು ಮಾತು. ಶಿಬಿರ ನಡೆಸುವ ಸಂಸ್ಥೆ ಸಾಮಾನ್ಯವಾಗಿ ತಾನೇ ಕ್ರೆಡಿಟ್ ಕೊಡುವುದಿಲ್ಲ, ಅದರ ಬೆನ್ನಿಗಿರುವ ವಿಶ್ವವಿದ್ಯಾಲಯ ಕೊಡುತ್ತದೆ. ಆ ವಿಶ್ವವಿದ್ಯಾಲಯ ಯಾವುದು ಎಂದು ಕೇಳಿ ತಿಳಿದುಕೊಳ್ಳಿ. ಆ ಕ್ರೆಡಿಟ್ಟನ್ನು ಒಪ್ಪುತ್ತೇವೆ ಎಂದು ನಿಮ್ಮ ಕಾಲೇಜಿನಿಂದ ಬರೆಸಿಕೊಂಡ ಮೇಲೆ ಹಣ ಕಟ್ಟಿ.